ತಿರುಗಿ ಹೇಳುವ ವಿದ್ಯೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೆಣ್ಣುಮಕ್ಕಳಿಗೆ ವಿಮಾನವೆಂದರೆ ಬಹುಕಾಲ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವಾಗ ತಲೆಯೆತ್ತಿ ನೋಡುವ ಬಿಳಿ ಗೆರೆ, ಅಷ್ಟೇ. ಕಲಬುರಗಿಯ ನಿಲ್ದಾಣ ತೆರೆದದ್ದು 2019ರಲ್ಲಿ. ವಿಜಯಪುರದ್ದಕ್ಕೆ ಅಡಿಗಲ್ಲು ಬಿದ್ದದ್ದು 2021ರಲ್ಲಿ. ಅಷ್ಟರೊಳಗೆ ವಿಮಾನ ಹಾರಿಸುವ ಆಟ ಕಂಪ್ಯೂಟರಿನಲ್ಲಿ ಕೂತು ಪಡಸಾಲೆಗೇ ಬಂದಿತ್ತು. ಇಂಟರ್ನೆಟ್ಟಿನ ಮೂಲಕ ಆಡಿದರೆ ಅದರಲ್ಲೊಂದು ವಿಶೇಷವುಂಟು. ನಿಯಂತ್ರಣ ಗೋಪುರದಿಂದ ಅಪ್ಪಣೆ ಕೊಡುವುದು ಯಂತ್ರವಲ್ಲ, ಎಲ್ಲೋ ದೂರದ ಊರಲ್ಲಿ ಕೂತ ಜೀವಂತ ಮನುಷ್ಯರು. ಅವರೊಡನೆ ಮಾತಾಡಬೇಕು.

ಸಿಂದಗಿಯಲ್ಲಿರುವ ನನ್ನ ತಂಗಿಯ ಮಗಳು ಅಲ್ಲಿಗೇ ಬಂದು ನಿಂತಳು. “ದೊಡ್ಡವ್ವ, ಹಾರಸೂದು ಬರತೈತಿ, ಇಳಸೂದು ಬರತೈತಿ. ಮೈಕ್ ಹಚ್ಚಿದ ಕೂಡಲೆ ಬಾಯಿ ಕಟ್ಟತೈತಿ.” ಈ ಅಂಜಿಕೆಗೆ ಉತ್ತರ ಆ ಮಾತಿನ ಇತಿಹಾಸದಲ್ಲೇ ಇದೆ.

ಲಂಡನ್ನಿನ ಹತ್ತಿರದ ಕ್ರಾಯ್ಡನ್ನಿನಲ್ಲಿ 1920ರಲ್ಲೇ ನಿಯಂತ್ರಣ ಗೋಪುರ ಎದ್ದಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತ ತಳ್ಳುಗಾಡಿಯಲ್ಲಿ ಕುರ್ಚಿ, ಛತ್ರಿ, ಬುತ್ತಿ ಹೇರಿಕೊಂಡು ಬಯಲಿಗೆ ಹೋಗಿ, ಬಾವುಟ ಬೀಸಿ ವಿಮಾನಗಳನ್ನು ತಡೆಯುತ್ತಿದ್ದ, ಬಿಡುತ್ತಿದ್ದ. ಮರುವರ್ಷ ಕ್ಲೀವ್‌ಲ್ಯಾಂಡಿನ ಗೋಪುರಕ್ಕೆ ರೇಡಿಯೊ ಬಂತು. ಮಾತು ಬಂತು; ಜೊತೆಗೆ ತಪ್ಪಾಗಿ ಕೇಳಿಸುವುದೂ ಬಂತು. ಫೋನಿನಲ್ಲಿ ನಾವು “ಬಸವನ ಬಾಗೇವಾಡಿಯ ಬ” ಎಂದು ಬಿಡಿಸಿ ಹೇಳುವುದಿಲ್ಲವೆ? ಹಾಗೆಯೇ ಎ ಎಂಬುದಕ್ಕೆ ಆಲ್ಫಾ, ಬಿ ಎಂಬುದಕ್ಕೆ ಬ್ರಾವೊ ಎನ್ನುವ ಇಂದಿನ ಅಕ್ಷರಮಾಲೆ 1956ರಲ್ಲಿ ಜಾರಿಯಾಯಿತು. ನೈನ್ ಎಂಬುದು ‘ನೈನರ್’ ಆದದ್ದೂ ಕಿವಿ ತಪ್ಪದಿರಲೆಂದೇ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಕೇಳಿದ್ದನ್ನು ತಿರುಗಿ ಹೇಳುವುದು. ಅಂಗಡಿಗೆ ಕಳಿಸುವಾಗ “ಏನೇನು ತರ್ತಿ, ತಿರುಗಿ ಹೇಳು” ಎಂದು ಅವ್ವ ಕೇಳುತ್ತಾಳಲ್ಲ, ಅದೇ ಇದು. ಆದರೆ ಆಕಾಶದಲ್ಲಿ ಕೇಳಿಸಿದರೆ ಸಾಲದು, ತಿಳಿಯಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ 15,000 ಅಡಿಯಲ್ಲಿ ಇರಬೇಕಾಗಿದ್ದ ಕಝಕಸ್ತಾನದ ವಿಮಾನ ಇನ್ನೂ ಕೆಳಗಿಳಿಯಿತು; ಎದುರಿಗೆ ಸೌದಿ ವಿಮಾನ ಬರುತ್ತಿತ್ತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಪ್ಪಣೆಯ ಇಂಗ್ಲಿಷ್ ಸರಿಯಾಗಿ ತಿಳಿಯದೆ ಹೋದದ್ದೂ ಒಂದು ಕಾರಣವೆಂದು ಎಣಿಸಲಾಯಿತು. ಬೇರೆ ದೇಶಗಳಿಗೆ ಹಾರುವ ಪೈಲಟ್ಟರಿಗೆ 2008ರಿಂದ ಭಾಷಾ ಪರೀಕ್ಷೆ ಕಡ್ಡಾಯವಾಯಿತು.

ಈ ವಿದ್ಯೆ ಮೊದಲು ಕೆಲವರದಷ್ಟೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ಹಾರಾಟ ಶಾಲೆಯಿಂದ 1949ರಲ್ಲೇ ಉಷಾ ಸುಂದರಂ ಕಲಿತು ಹೊರಬಂದರು. ಆದರೆ ಮುದ್ದೇಬಿಹಾಳಕ್ಕೆ ಜಕ್ಕೂರು ದೂರ, ಖರ್ಚು ಇನ್ನೂ ದೂರ. ಆ ದೂರವನ್ನು ಆಟ ತುಸು ತಗ್ಗಿಸಿತು. ಆರ್ಗನ್ ವಾದ್ಯ ಮಾಡುವ ಮನೆಯ ಎಡ್ವಿನ್ ಲಿಂಕ್ 1929ರಲ್ಲಿ ಅದೇ ವಾದ್ಯದ ತಿದಿಗಳಿಂದ ನೆಲದ ಮೇಲೇ ಓಲಾಡುವ ಕಲಿಕೆಯ ವಿಮಾನ ಮಾಡಿದ್ದ. ಬ್ರೂಸ್ ಆರ್ಟ್‌ವಿಕ್ 1979ರಲ್ಲಿ ಹಾರಾಟವನ್ನು ಮನೆಯ ಕಂಪ್ಯೂಟರಿಗೆ ತಂದ. ಆಟಗಾರರೇ ಪೈಲಟ್ಟರು, ಆಟಗಾರರೇ ನಿಯಂತ್ರಕರಾದ ಕೂಟಗಳಲ್ಲಿ ಐವಿಎಒ 1998ರಲ್ಲೂ ವ್ಯಾಟ್‌ಸಿಮ್ 2001ರಲ್ಲೂ ಹುಟ್ಟಿದವು. ಎರಡಕ್ಕೂ ಸೇರಲು ಶುಲ್ಕವಿಲ್ಲ, ನಡೆಸುವವರು ಸ್ವಯಂಸೇವಕರು.

ಹೊಸಬರು ಮೊದಲು ಸುಮ್ಮನೆ ಕೇಳಬೇಕು. ನಾಲ್ಕು ದಿನ ಕೇಳಿದರೆ ಅವೇ ಮಾತುಗಳು ಮರಳಿ ಬರುವುದು ತಿಳಿಯುತ್ತದೆ. ಆಮೇಲೆ ಗದ್ದಲವಿಲ್ಲದ ಸಣ್ಣ ನಿಲ್ದಾಣ ಆರಿಸಿಕೊಳ್ಳಬೇಕು. ರನ್‌ವೇ ಮೇಲೆ ಎಂದೂ ಪ್ರತ್ಯಕ್ಷವಾಗಬಾರದು; ವಿಮಾನ ನಿಲ್ಲುವ ಜಾಗದಲ್ಲೇ ಕೂಟಕ್ಕೆ ಸೇರಬೇಕು. ಎಲ್ಲಿಂದ ಎಲ್ಲಿಗೆ ಎಂಬ ಯೋಜನೆ ಸಲ್ಲಿಸಿ, ಕಾಗದ ಪೆನ್ನು ಹಿಡಿದು, ಅಪ್ಪಣೆ ಬರೆದುಕೊಂಡು ತಿರುಗಿ ಹೇಳಬೇಕು. ಬಾಯಿ ಬಾರದಿದ್ದರೆ ಬೆರಳಚ್ಚಿಸಿಯೂ ಉತ್ತರಿಸಬಹುದು.

ಇದು ಕಾನ್ವೆಂಟಿನ ಇಂಗ್ಲಿಷ್ ಅಲ್ಲ. ಗೊತ್ತುಮಾಡಿದ ಕೆಲವೇ ಮಾತುಗಳು. ಸ್ಪಷ್ಟವಾಗಿದ್ದರೆ ಯಾವ ಊರಿನ ಧಾಟಿಯಾದರೂ ನಡೆಯುತ್ತದೆ. ತಿಳಿಯದಿದ್ದರೆ ‘ಸೇ ಅಗೇನ್’, ಇನ್ನೊಮ್ಮೆ ಹೇಳಿ ಎನ್ನಬೇಕು. ತಿಳಿಯದೆ ಹೂಂ ಎನ್ನುವುದೇ ಇಲ್ಲಿ ದೊಡ್ಡ ತಪ್ಪು. ಹೂಂ ಎನ್ನುವುದನ್ನೇ ಹೆಚ್ಚಾಗಿ ಕಲಿಸಿಕೊಂಡು ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ, ಇನ್ನೊಮ್ಮೆ ಹೇಳಿ ಎಂದು ನಾಚದೆ ಕೇಳುವ ರೂಢಿ ಈ ಆಟದಿಂದ ಬಂದರೂ ಅದೇನು ಸಣ್ಣ ಲಾಭವಲ್ಲ.