ಮರದ ಖಂಡಿಯೂ ಘನಮೀಟರೂ

ಸಹ್ಯಾದ್ರಿಯ ಸೆರಗಿನಲ್ಲಿರುವ ಖಾನಾಪುರ ಸೀಮೆಯ ಸಾಗವಾನಿ, ಮತ್ತಿ, ಹೊನ್ನೆ ಮರಗಳು ಬೆಳಗಾವಿ ಪ್ರಾಂತದ ಮನೆಮಠಗಳಿಗೆ ಕಂಬತೊಲೆಗಳಾಗಿ ಒದಗಿದ ಸಂಗತಿಯು ಭಕ್ತಜನರಿಗೆ ವಿದಿತವೇ ಆಗಿದೆ. ಆದರೆ ದಾಸೋಹಭಾವದಿಂದ ಸಂದ ಮರದ ಪರಿಮಾಣವನ್ನು ಹಳೆಯ ಕಡತಗಳಿಂದ ಈಗಿನ ಮಾನಕ್ಕೆ ತರುವಾಗ, ದಾನಿಯ ಕಾಣಿಕೆಯು ಕಾಗದದಲ್ಲಿಯೇ ಕುಗ್ಗಿಹೋಗುವ ಭಯವುಂಟು.

ಬೆಳಗಾವಿಯು ೧೯೫೬ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆ ಪ್ರಾಂತದ ಅರಣ್ಯಲೆಕ್ಕದಲ್ಲಿ ಮರದ ಖಂಡಿಯೆಂದರೆ ಹನ್ನೆರಡೂವರೆ ಘನಫೂಟು. ನಾಲ್ಕು ಖಂಡಿಗೆ ೫೦ ಘನಫೂಟಿನ ಒಂದು ಟನ್ನು. ಇದನ್ನು ಇಪ್ಪತ್ತು ಮಣದ ಖಂಡಿಯೊಡನೆ ಬೆರೆಸಲಾಗದು.

ದುಂಡುಮರದ ವಿಷಯವೇ ಬೇರೆ. ೧೭೩೬ರಲ್ಲಿ ಎಡ್ವರ್ಡ್ ಹಾಪಸ್ ಎಂಬ ಆಂಗ್ಲನು ಪ್ರಕಟಿಸಿದ ಕೋಷ್ಟಕಗಳಿಂದ ಹೆಸರಾದ ಪದ್ಧತಿಯಲ್ಲಿ, ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವರು. ೬ ಫೂಟು ಸುತ್ತಿನ, ೨೦ ಫೂಟು ಉದ್ದದ ದಿಮ್ಮಿಯು ಹೀಗೆ ೪೫ ಘನಫೂಟು, ಅಂದರೆ ಮೂರು ಖಂಡಿಯ ಮೇಲೆ ಏಳೂವರೆ ಘನಫೂಟು ಆಗುವುದು. ಅದರ ನಿಜವಾದ ಗಾತ್ರವಾದರೋ ೫೭ ಘನಫೂಟಿಗೂ ಮಿಗಿಲು! ಕೊಯ್ದು ಚೌಕ ಮಾಡುವಾಗ ಹೋಗುವ ಚಕ್ಕೆಗಳಿಗಾಗಿ ಈ ಕಡಿತವೆಂದು ಸಮರ್ಥಿಸುವರು. ಇದು ಕೊಳ್ಳುವವನಿಗೆ ಅನುಕೂಲವಾದ ಸಮರ್ಥನೆಯೆಂದು ನಮಗೆ ತೋರುವುದು. ಆ ಚಕ್ಕೆಯೂ ದಾಸೋಹದ ಒಲೆಗೆ ಬರುವಂಥದೇ ಅಲ್ಲವೆ?

೧೯೫೬ರ ಕಾಯಿದೆಯ ಬಳಿಕ ಮೆಟ್ರಿಕ್ ಮಾನವು ಕ್ರಮೇಣ ರೂಢಿಗೆ ಬಂದಿತು. ಒಂದು ಘನಮೀಟರಿಗೆ ೩೫.೩೧೫ ಘನಫೂಟು. ಕಾಲುಸುತ್ತಿನ ಲೆಕ್ಕದ ಫೂಟುಗಳನ್ನಾದರೆ ೨೭.೭೪ರಿಂದ ಭಾಗಿಸಿದಾಗಲೇ ನಿಜಗಾತ್ರವು ದೊರೆಯುವುದು. ಮೇಲಿನ ದಿಮ್ಮಿಯು ಮೊದಲಿನ ಭಾಜಕದಿಂದ ೧.೨೭, ಎರಡನೆಯದರಿಂದ ೧.೬೨ ಘನಮೀಟರು. ಆದುದರಿಂದ ಕಡತದಲ್ಲಿ ಅಗಲ, ದಪ್ಪಗಳು ಬರೆದಿದ್ದರೆ ಮೊದಲಿನದನ್ನೂ, ಸುತ್ತಳತೆಯಿಂದ ಕಟ್ಟಿದ ಲೆಕ್ಕವಿದ್ದರೆ ಎರಡನೆಯದನ್ನೂ ಹಿಡಿಯತಕ್ಕದ್ದು.