ಬಾಗಿಲು ಯಾರದ್ದು? ಒಂದು ಬಾರದ ಫೈಲಿನ ಕತೆ

ಮೊನ್ನೆ ಬೆಟ್ಟದಪುರದ ಮನೆ ಅಟ್ಟ ಗುಡಿಸುವಾಗ ಹಳೇ ಡಯಲ್-ಅಪ್ ಮೋಡೆಮ್ ಸಿಕ್ಕಿತು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದ ಊರು ನಮ್ಮದು. ಗುಡುಗು ಕೇಳಿಸಿದರೆ ಮೊದಲು ಫೋನಿನ ತಂತಿ ಕಿತ್ತು, ಆಮೇಲೆ ಬಟ್ಟೆ ಒಳಗೆ ತರೋದು! ಅದನ್ನು ಕೈಲಿ ಹಿಡಿದಾಗ 2003ರ ಮೂರು ವಾರ ನೆನಪಾಯಿತು.

ಅಜ್ಜಿಯ ಮದುವೆಯ ಫೋಟೋ ಇದ್ದದ್ದು ಒಂದೇ ಒಂದು. ಅದು ಸೋದರಮಾವನ ಮಗನ ಜೊತೆ ಅಮೆರಿಕ ಸೇರಿತ್ತು. ಅಜ್ಜಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು, ಹೋದ ದೃಷ್ಟಿ ಮತ್ತೆ ಬರಲ್ಲ ಅಂತ ಡಾಕ್ಟರು ಹೇಳಿದ್ದರು. "ಒಂದ್ಸಲ ನಮ್ಮಪ್ಪನ ಮುಖ ನೋಡಬೇಕು ಕಣಪ್ಪಾ" ಅಂದರು.

ಮಿಂಚಂಚೆಯಲ್ಲಿ ಕಳಿಸಬಹುದಿತ್ತಲ್ಲ ಅಂತೀರಾ? ಆಗ ಹಾಟ್‌ಮೇಲ್‌ನ ಉಚಿತ ಪೆಟ್ಟಿಗೆ ಇಡೀ 2 ಎಂಬಿ! ಜೀಮೇಲ್ 1 ಜಿಬಿ ಕೊಡ್ತೀನಿ ಅಂದದ್ದು 2004ರ ಏಪ್ರಿಲ್ 1ಕ್ಕೆ. ಚಿಕ್ಕದು ಮಾಡಿ ಕಳಿಸಿದ ಫೋಟೋದಲ್ಲಿ ಮುಖ ಹುಣಿಸೇಬೀಜದಷ್ಟಿತ್ತು. ದೊಡ್ಡದು 3 ಎಂಬಿ. ಹಾಗಾಗಿ ಚಾಟ್ ತಂತ್ರಾಂಶದಲ್ಲೇ ಫೈಲ್ ಕಳಿಸೋದು ಅಂತಾಯಿತು.

ಮಾತು ಸಲೀಸಾಗಿ ಬರುತ್ತಿತ್ತು. ಫೈಲ್ ಮಾತ್ರ ಬರುತ್ತಿರಲಿಲ್ಲ. 'ಒಪ್ಪಿಗೆ' ಒತ್ತಿದರೆ ಸೊನ್ನೆ ಶೇಕಡಾದಲ್ಲೇ ಕೂತು, ಕೊನೆಗೆ ಸಂಪರ್ಕ ಸಿಗಲಿಲ್ಲ ಅನ್ನೋದು. ಹಳ್ಳಿ ಫೋನ್ ಲೈನು, ಹಳೇ ಕಂಪ್ಯೂಟರ್... ತಪ್ಪು ನಮ್ಮದೇ ಅಂತ ನನಗೆ ಅನುಮಾನವೇ ಇರಲಿಲ್ಲ. ಮೋಡೆಮ್ ಬದಲಾಯಿಸಿದೆ. ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿದೆ. ವಿಚಿತ್ರ ಅಂದರೆ, ನಾನು ಇಲ್ಲಿಂದ ಕಳಿಸಿದ ಫೈಲ್ ಅವನಿಗೆ ಆರಾಮಾಗಿ ಸಿಗುತ್ತಿತ್ತು! ಸುಳಿವು ಅಲ್ಲೇ ಇತ್ತು, ನನಗೆ ಹೊಳೆಯಲಿಲ್ಲ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1988ರಲ್ಲಿ ಫಿನ್ಲೆಂಡಿನ ಊಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಐಆರ್‌ಸಿ ಎಂಬ ಹರಟೆ ವ್ಯವಸ್ಥೆ ಬರೆದ. ಅದರಲ್ಲಿ ಮಾತೆಲ್ಲ ನಡುವಿನ ಸರ್ವರ್ ದಾಟಿ ಹೋಗುತ್ತಿತ್ತು. ದೊಡ್ಡ ಫೈಲುಗಳ ಭಾರ ಸರ್ವರಿಗೆ ಬೇಡ ಅಂತ ಆಮೇಲೆ ಡಿಸಿಸಿ ಅನ್ನೋ ಪದ್ಧತಿ ಬಂತು. ಅದರ ಪ್ರಕಾರ, ಕಳಿಸುವವನು ತನ್ನ ಕಂಪ್ಯೂಟರಿನಲ್ಲಿ ಒಂದು ಬಾಗಿಲು ತೆರೆದು "ನನ್ನ ವಿಳಾಸ ಇದು, ಬಂದು ತಗೊಂಡು ಹೋಗು" ಅಂತ ಹೇಳಿ ಕಳಿಸುತ್ತಾನೆ. ಪಡೆಯುವವನು ಹೋಗಿ ಬಾಗಿಲು ಬಡಿಯುತ್ತಾನೆ. ಅಂದರೆ 'ಬರುವ' ಫೈಲಿಗೆ ತೆರೆದಿರಬೇಕಾದ್ದು ಕಳಿಸುವವನ ಬಾಗಿಲು! ನಮ್ಮ ತಂತ್ರಾಂಶವೂ ಇದೇ ಜಾತಿಯದ್ದು.

ಪ್ರತಿ ಕಂಪ್ಯೂಟರಿಗೂ ಸ್ವಂತ ವಿಳಾಸ ಇದ್ದಾಗ ಇದು ಸೊಗಸಾಗಿ ನಡೆಯಿತು. ಆದರೆ 32 ಬಿಟ್ಟಿನ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಸಾಲಲ್ಲ ಅಂತ ಗೊತ್ತಾದಾಗ, ಒಂದೇ ವಿಳಾಸದ ಹಿಂದೆ ಹಲವು ಕಂಪ್ಯೂಟರ್ ಕೂರಿಸುವ 'ನ್ಯಾಟ್' ಉಪಾಯವನ್ನು 1994ರಲ್ಲಿ ಮುಂದಿಟ್ಟರು. ಅದೇ ವರ್ಷ 192.168 ಎಂದು ಶುರುವಾಗೋ ವಿಳಾಸಗಳನ್ನೂ ಇನ್ನು ಕೆಲವನ್ನೂ ಮನೆಯೊಳಗಿನ ಬಳಕೆಗೆ ಅಂತ ಎತ್ತಿಟ್ಟರು. ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಳಗೆ ಎಂಟು ಮನೆ. "ಮೂರನೇ ಮನೆ" ಅಂತ ಮಾತ್ರ ವಿಳಾಸ ಕೊಟ್ಟರೆ ಬೇರೆ ಊರಿನವನು ಎಲ್ಲಿಗೆ ಅಂತ ಹೋಗಬೇಕು?

ಮೂರನೇ ವಾರ ಒಂದು ರಾತ್ರಿ, ನಮ್ಮ ಕಂಪ್ಯೂಟರ್ ಎಲ್ಲಿಗೆ ಹೋಗಿ ಬಾಗಿಲು ಬಡಿಯುತ್ತಿದೆ ಅಂತ ನೋಡಿದೆ. 192.168 ಅಂತ ಇತ್ತು! ಅಮೆರಿಕದ ಮನೆಯಲ್ಲಿ ಎರಡು ಕಂಪ್ಯೂಟರಿಗೆ ಅಂತ ರೌಟರ್ ಹಾಕಿಸಿದ್ದರು. ನಮ್ಮ ಬಡ ಡಯಲ್-ಅಪ್ಪಿಗೋ, ಕರೆ ಮಾಡಿದಾಗೆಲ್ಲ ಸ್ವಂತ ಸಾರ್ವಜನಿಕ ವಿಳಾಸ. ಅದಕ್ಕೇ ಇಲ್ಲಿಂದ ಹೋಗುತ್ತಿತ್ತು, ಅಲ್ಲಿಂದ ಬರುತ್ತಿರಲಿಲ್ಲ.

"ಲೋ, ತೊಂದರೆ ನಿನ್ನ ಕಡೆ ಕಣೋ, ಆ ಡಬ್ಬಿ ತೆಗೆದು ನೇರ ಹಾಕು" ಅಂದೆ. ಹಾಕಿದ. ಹತ್ತು ನಿಮಿಷ ಚಿಲ್ಲರೆಗೆ ಫೈಲ್ ಬಂದು ಕೂತಿತ್ತು.

ಬೆಳಿಗ್ಗೆ ಅಜ್ಜಿಯನ್ನು ಕೂರಿಸಿ ಚಿತ್ರ ಪರದೆ ತುಂಬ ಹಿಗ್ಗಿಸಿದೆ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. "ಅಪ್ಪನ ಪೇಟ ಓರೆ ಆಗಿದೆ, ಆವತ್ತೂ ಯಾರೂ ಹೇಳಲಿಲ್ಲ ನೋಡು" ಅಂದರು. ಮುಂದಿನ ಯುಗಾದಿ ಹೊತ್ತಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಇಂಥ ತೊಡಕಿಗೆ 2003ರಲ್ಲಿ ಸ್ಟನ್, 2010ರಲ್ಲಿ ಟರ್ನ್ ಮತ್ತು ಐಸ್ ಅನ್ನೋ ಪರಿಹಾರಗಳು ಬಂದವು. ಮೊದಲನೆಯದು ನಮ್ಮ ಹೊರವಿಳಾಸ ಯಾವುದು ಅಂತ ಹೇಳುತ್ತೆ, ಎರಡನೆಯದು ನಡುವೆ ನಿಂತು ದಾಟಿಸುತ್ತೆ, ಮೂರನೆಯದು ಇರೋ ದಾರಿಗಳನ್ನೆಲ್ಲ ಪರೀಕ್ಷಿಸಿ ನಡೆಯೋದನ್ನ ಆರಿಸುತ್ತೆ. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ವಿಳಾಸಗಳನ್ನೂ ಹಂಚಿಬಿಟ್ಟರು. ಯಾಹೂ ಮೆಸೆಂಜರ್ 2018ರ ಜುಲೈ 17ಕ್ಕೆ ಮುಚ್ಚಿತು. ಇವತ್ತು ವಾಟ್ಸಾಪ್ ಫೋಟೋ ಮೊದಲು ಕಂಪನಿಯ ಸರ್ವರಿಗೆ ಹೋಗಿ, ಬೀಗ ಹಾಕಿಕೊಂಡು ಕೂತು, ಆಮೇಲೆ ನಮ್ಮ ಕೈಗೆ ಬರುತ್ತೆ. ಸುಲಭವೇನೋ ಹೌದು, ಆದರೆ ಈಗ ಯಾರ ಮನೆಗೂ ನೇರ ದಾರಿ ಇಲ್ಲ.

ಆ ಮೂರು ವಾರದಲ್ಲಿ ಅಜ್ಜಿ ಎಷ್ಟು ದೃಷ್ಟಿ ಕಳೆದುಕೊಂಡರೋ ಗೊತ್ತಿಲ್ಲ. ತಪ್ಪು ಹಳ್ಳಿ ಕಡೆಯದ್ದೇ ಇರಬೇಕು ಅಂತ ಹಳ್ಳಿಯವನಾದ ನಾನೇ ನಂಬಿದ್ದೆನಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಮೋಡೆಮ್ಮನ್ನು ಒರೆಸಿ ಮತ್ತೆ ಅಟ್ಟಕ್ಕೇ ಇಟ್ಟೆ. ನಿಮ್ಮ ಹತ್ತಿರವೂ ಹೀಗೆ ಸೊನ್ನೆ ಶೇಕಡಾದಲ್ಲಿ ನಿಂತ ಫೈಲಿನ ಕತೆ ಇದ್ದರೆ ಹೇಳಿ...