ಬೇಸ್‌ಬಾಲ್ ಮ್ಯಾನೇಜರ್: ಕೈಯಲ್ಲಿದ್ದ ಅಧಿಕಾರ, ತಲೆಗೆ ಬಂದ ಹೊಣೆ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವ ವ್ಯವಸ್ಥಾಪಕನಲ್ಲ. ಬ್ಯಾಟಿಂಗ್ ಕ್ರಮ ಗೊತ್ತುಮಾಡುವುದು, ಚೆಂಡೆಸೆಯುವ ಪಿಚರ್ ದಣಿದರೆ ಬೇರೊಬ್ಬನನ್ನು ಕಳಿಸುವುದು ಅವನ ಕೆಲಸ. ಕ್ರಿಕೆಟ್ ನಾಯಕ ಮೈದಾನದ ನಡುವೆ ನಿಂತು ಮಾಡುವುದನ್ನು ಅವನು ಅಂಚಿನ ಡಗ್‌ಔಟ್‌ನಲ್ಲಿ ಕೂತು ಮಾಡುತ್ತಾನೆ. ತಂಡ ಗೆದ್ದರೆ ಜಾಣನೆನಿಸುತ್ತಾನೆ, ಸೋತರೆ ಮೊದಲು ಕೆಲಸ ಕಳೆದುಕೊಳ್ಳುತ್ತಾನೆ. ಈ ಹೊಗಳಿಕೆ ತೆಗಳಿಕೆ ಎಷ್ಟು ನ್ಯಾಯವೆಂಬುದು ಆಯಾ ಕಾಲದಲ್ಲಿ ಅವನ ಕೈಯಲ್ಲಿ ಏನಿತ್ತು ಎಂಬುದನ್ನು ಅವಲಂಬಿಸಿದೆ.

ಈ ಹುದ್ದೆಗೆ ರೂಪ ಕೊಟ್ಟ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದವರು, ವೃತ್ತಿಪರ ಕ್ರಿಕೆಟಿಗನ ಮಗ. ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡವಾದ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಅವರ ಕೈಕೆಳಗೆ 1869ರಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಆಟಗಾರರ ಆಯ್ಕೆ, ಅಭ್ಯಾಸ, ಪ್ರವಾಸ, ಹಣಕಾಸು ಎಲ್ಲವನ್ನೂ ರೈಟ್ ನೋಡಿಕೊಳ್ಳುತ್ತಿದ್ದರು, ಜೊತೆಗೆ ಸೆಂಟರ್ ಫೀಲ್ಡ್‌ನಲ್ಲಿ ತಾವೇ ಆಡುತ್ತಿದ್ದರು. ಅಂಥವರಿಗೆ ಗೆಲುವಿನ ಕೀರ್ತಿ ಸಲ್ಲುವುದರಲ್ಲಿ ಯಾವ ತಕರಾರೂ ಇರಲಾರದು.

ಕಾನಿ ಮ್ಯಾಕ್ ಅವರ ವಿಷಯವೂ ಹೆಚ್ಚುಕಡಿಮೆ ಹಾಗೆಯೇ. 1901ರಿಂದ 1950ರವರೆಗೆ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ನಡೆಸಿದ ಅವರು ಅದರ ಒಡೆತನದಲ್ಲೂ ಪಾಲುದಾರರು. 1914ರಲ್ಲಿ ತಂಡ 99 ಪಂದ್ಯ ಗೆದ್ದು ಲೀಗ್ ಕಿರೀಟ ಪಡೆಯಿತು. ಆಗ ಫೆಡರಲ್ ಲೀಗ್ ಎಂಬ ಪ್ರತಿಸ್ಪರ್ಧಿ ಸಂಸ್ಥೆ ಸಂಬಳವನ್ನು ಏರಿಸಿತ್ತು. ಆ ಹಣ ಹೊಂದಿಸಲಾರದೆ ಮ್ಯಾಕ್ ತಮ್ಮ ತಾರೆಗಳನ್ನು ಬಿಟ್ಟುಕೊಟ್ಟರು. ಮರುವರ್ಷ ಗೆದ್ದದ್ದು 43 ಪಂದ್ಯ ಮಾತ್ರ. ಅಲ್ಲಿಂದ ಏಳು ವರ್ಷ ತಂಡ ಕೊನೆಯ ಸ್ಥಾನ ಬಿಟ್ಟು ಮೇಲೇಳಲಿಲ್ಲ. ಒಂದೇ ವರ್ಷದಲ್ಲಿ ಮ್ಯಾಕ್ ಅವರ ಆಟದ ತಿಳಿವಳಿಕೆ ಬತ್ತಿರಲಿಲ್ಲ, ಆಟಗಾರರು ಹೋಗಿದ್ದರು. ಮಾರಿದವರು ಅವರೇ ಆದ್ದರಿಂದ ದೂರು ಅವರಿಗೇ ಸಲ್ಲಬೇಕು, ಆದರೆ ಮ್ಯಾನೇಜರ್ ಮ್ಯಾಕ್‌ಗಿಂತ ಮಾಲೀಕ ಮ್ಯಾಕ್‌ಗೆ. ಅತಿ ಹೆಚ್ಚು ಗೆಲುವಿನ (3,731) ಮತ್ತು ಅತಿ ಹೆಚ್ಚು ಸೋಲಿನ (3,948) ದಾಖಲೆ ಎರಡೂ ಈ ಒಬ್ಬರ ಹೆಸರಿನಲ್ಲೇ ಇವೆ.

ಈ ಚರ್ಚೆಗೆ ಕೇಸಿ ಸ್ಟೆಂಗಲ್ ಅವರಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬರಿಲ್ಲ. ಬ್ರೂಕ್ಲಿನ್ ಮತ್ತು ಬಾಸ್ಟನ್‌ಗಳಲ್ಲಿ ಕಳೆದ ಒಂಬತ್ತು ಋತುಗಳಲ್ಲಿ ಅವರ ತಂಡ ಐದನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. 1949ರಲ್ಲಿ ಶ್ರೀಮಂತ ನ್ಯೂಯಾರ್ಕ್ ಯಾಂಕೀಸ್ ತಂಡ ಕೈಗೆ ಬಂದಮೇಲೆ 12 ವರ್ಷಗಳಲ್ಲಿ ಹತ್ತು ಲೀಗ್ ಕಿರೀಟ, ಲೀಗ್ ವಿಜೇತರ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಏಳು ಗೆಲುವು. 1962ರಲ್ಲಿ ಹೊಸದಾಗಿ ಹುಟ್ಟಿದ ಮೆಟ್ಸ್ ತಂಡಕ್ಕೆ ಹೋದಾಗ 120 ಸೋಲು. ಎಲ್ಲವೂ ಆಟಗಾರರದೇ ಎನ್ನಲು ಇಷ್ಟು ಸಾಕೆನಿಸಬಹುದು, ಆದರೆ ಅದು ಅವಸರದ ತೀರ್ಮಾನ. 1949ರಲ್ಲಿ ಹಿಮ್ಮಡಿ ನೋವಿನಿಂದ ಯಾಂಕೀಸ್ ತಾರೆ ಜೋ ಡಿಮ್ಯಾಜಿಯೊ ಮೊದಲ 65 ಪಂದ್ಯ ಆಡಲಿಲ್ಲ. ಎದುರಾಳಿ ಪಿಚರ್ ಎಡಗೈಯವನೋ ಬಲಗೈಯವನೋ ನೋಡಿ ಬ್ಯಾಟರ್‌ಗಳನ್ನು ಅದಲುಬದಲು ಮಾಡುತ್ತ ಸ್ಟೆಂಗಲ್ ತಂಡವನ್ನು ಮುಂದೆಯೇ ಉಳಿಸಿಕೊಂಡರು. ಆ ಕೀರ್ತಿ ಅವರದೇ. 1960ರ ವರ್ಲ್ಡ್ ಸೀರೀಸ್‌ನಲ್ಲಿ ಶ್ರೇಷ್ಠ ಪಿಚರ್ ವೈಟಿ ಫೋರ್ಡ್ ಅವರನ್ನು ಮೊದಲ ಪಂದ್ಯಕ್ಕೆ ಇಳಿಸದೆ ಮೂರನೆಯದಕ್ಕೂ ಆರನೆಯದಕ್ಕೂ ಇಳಿಸಿದ ತಪ್ಪೂ ಅವರದೇ. ಆ ಎರಡರಲ್ಲೂ ಫೋರ್ಡ್ ಎದುರಾಳಿಗೆ ಒಂದೂ ರನ್ ಬಿಟ್ಟುಕೊಡಲಿಲ್ಲ, ಏಳನೆಯ ಪಂದ್ಯಕ್ಕೆ ಅವರು ಸಿಗುವಂತಿರಲಿಲ್ಲ. ಯಾಂಕೀಸ್ 10-9ರಿಂದ ಸೋತಿತು, ಸ್ಟೆಂಗಲ್ ಹುದ್ದೆ ಹೋಯಿತು.

ಮ್ಯಾನೇಜರ್ ಇಲ್ಲದೆಯೇ ನಡೆಸಿ ನೋಡಿದ ತಂಡವೂ ಉಂಟು. ಶಿಕಾಗೊ ಕಬ್ಸ್ ಮಾಲೀಕ ಫಿಲಿಪ್ ರಿಗ್ಲಿ 1961ರಲ್ಲಿ ಆ ಹುದ್ದೆಯನ್ನೇ ತೆಗೆದು ಕೋಚ್‌ಗಳು ಸರದಿಯ ಮೇಲೆ ತಂಡ ನಡೆಸುವಂತೆ ಮಾಡಿದರು. 1962ರಲ್ಲಿ ಕಬ್ಸ್ 103 ಪಂದ್ಯ ಸೋತಿತು.

ಕಾಲಕ್ರಮದಲ್ಲಿ ಆಟಗಾರರನ್ನು ತರುವ ಕೆಲಸ ಕಚೇರಿಯಲ್ಲಿ ಕೂರುವ ಜನರಲ್ ಮ್ಯಾನೇಜರ್ ಪಾಲಾಯಿತು. ಅಂಕಿಅಂಶಗಳ ಯುಗದಲ್ಲಿ ಡಗ್‌ಔಟ್‌ನ ತೀರ್ಮಾನಗಳಲ್ಲೂ ಕಚೇರಿಯ ಲೆಕ್ಕಾಚಾರ ಸೇರಿಕೊಂಡಿತು. ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳಿಂದ ತಂಡ ಎಷ್ಟು ಪಂದ್ಯ ಗೆಲ್ಲಬೇಕಿತ್ತೆಂದು ಅಂದಾಜಿಸುವ ಸೂತ್ರವನ್ನು ಅಂಕಿಅಂಶಗಳ ವಿಶ್ಲೇಷಕ ಬಿಲ್ ಜೇಮ್ಸ್ ಕೊಟ್ಟರು. ಅಂದಾಜಿಗಿಂತ ಹೆಚ್ಚು ಗೆದ್ದದ್ದನ್ನೆಲ್ಲ ಮ್ಯಾನೇಜರನ ಖಾತೆಗೆ ಹಾಕುವ ಆಸೆ ಸಹಜವಾದರೂ ಆ ವ್ಯತ್ಯಾಸದಲ್ಲಿ ಅದೃಷ್ಟದ ಪಾಲು ದೊಡ್ಡದು.

2003ರ ಅಮೆರಿಕನ್ ಲೀಗ್ ನಿರ್ಣಾಯಕ ಪಂದ್ಯದಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಮ್ಯಾನೇಜರ್ ಗ್ರೇಡಿ ಲಿಟಲ್ ದಣಿದಿದ್ದ ಪಿಚರ್ ಪೆಡ್ರೊ ಮಾರ್ಟಿನೆಜ್ ಅವರನ್ನು ಎಂಟನೆಯ ಇನಿಂಗ್ಸ್‌ನಲ್ಲೂ ಮುಂದುವರಿಸಿದರು. 5-2ರ ಮುನ್ನಡೆ ಕರಗಿ ತಂಡ ಸೋತಿತು. ಲಿಟಲ್ ಅವರ ಕರಾರನ್ನು ನವೀಕರಿಸಲಿಲ್ಲ. 2020ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಟ್ಯಾಂಪಾ ಬೇ ರೇಸ್‌ನ ಕೆವಿನ್ ಕ್ಯಾಶ್ ಇದಕ್ಕೆ ತದ್ವಿರುದ್ಧ ಮಾಡಿದರು: 1-0 ಮುಂದಿದ್ದಾಗ, ಕೇವಲ 73 ಎಸೆತ ಹಾಕಿ ಚೆನ್ನಾಗಿ ಆಡುತ್ತಿದ್ದ ಬ್ಲೇಕ್ ಸ್ನೆಲ್ ಅವರನ್ನು ವಾಪಸು ಕರೆಸಿದರು. ಒಬ್ಬ ಪಿಚರ್ ಅದೇ ಬ್ಯಾಟರ್‌ಗಳಿಗೆ ಮೂರನೆಯ ಸಲ ಎಸೆಯುವಾಗ ಹೆಚ್ಚು ಹೊಡೆಸಿಕೊಳ್ಳುತ್ತಾನೆಂಬ ಲೆಕ್ಕ ಅದರ ಹಿಂದಿತ್ತು. ರೇಸ್ 3-1ರಿಂದ ಸೋತು ಸರಣಿಯನ್ನೂ ಕಳೆದುಕೊಂಡಿತು. ಅಭಿಮಾನಿಗಳ ಸಿಟ್ಟು ಎರಡೂ ಸಲ ಒಂದೇ ಬಗೆಯದು. ಆದರೆ ತಂಡದ ರೀತಿಗೆ ತಕ್ಕಂತೆ ನಡೆದ ಕ್ಯಾಶ್ ಹುದ್ದೆಯಲ್ಲಿ ಉಳಿದರು. 2021ರಲ್ಲಿ ರೇಸ್ 100 ಪಂದ್ಯ ಗೆದ್ದಿತು, ಅಮೆರಿಕನ್ ಲೀಗಿನ ವರ್ಷದ ಮ್ಯಾನೇಜರ್ ಪ್ರಶಸ್ತಿ ಸತತ ಎರಡನೆಯ ಸಲ ಅವರಿಗೇ ಬಂತು.